ಕ್ವಾಂಟಮ್ ದೋಷ ತಿದ್ದುವ ಕೆಲಸಕ್ಕೆ ಯಾವ ಬಾಗಿಲಿಂದ ಒಳಗೆ ಹೋಗಬೇಕು?

ಈಚೆಗೆ ಒಂದೇ ಪ್ರಶ್ನೆಯನ್ನು ಮೂವರು ಕೇಳಿದ್ದಾರೆ. ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿರುವ ಒಬ್ಬ ಹುಡುಗಿ. ಧಾರವಾಡದಲ್ಲಿ ಫಿಸಿಕ್ಸ್ ಎಂಎಸ್ಸಿ ಓದುತ್ತಿರುವ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಚಿಪ್ ಡಿಸೈನ್ ಮಾಡುತ್ತಿರುವ, ಮನೆ ಸಾಲದ ಕಂತು ಕಟ್ಟುತ್ತಿರುವ ಒಬ್ಬರು. "ಕ್ವಾಂಟಮ್ ಎರರ್ ಕರೆಕ್ಷನ್‌ಗೆ ಬರಬೇಕು ಅಂತ ಆಸೆ ಇದೆ. ಗಣಿತ ಹಿಡೀಲಾ, ಪ್ರೋಗ್ರಾಮಿಂಗ್ ಮಾಡ್ಲಾ, ಲ್ಯಾಬ್‌ಗೆ ಸೇರ್ಲಾ?" ಮೂವರಿಗೂ ಬೇರೆ ಬೇರೆ ಉತ್ತರ ಬರೆಯುತ್ತಾ ಕೂತಾಗ, ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟರೆ ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆಗುತ್ತದೆ ಅನ್ನಿಸಿತು.

ಕ್ವಾಂಟಮ್ ಕಂಪ್ಯೂಟರಿನ ಬಿಟ್‌ಗೆ ಕ್ಯೂಬಿಟ್ ಅನ್ನುತ್ತಾರೆ, ಅದು ಬಲು ಬೇಗ ತಪ್ಪುತ್ತದೆ. ಹಾಗಾಗಿ ಹಲವು ಕ್ಯೂಬಿಟ್ ಸೇರಿಸಿ, ತಪ್ಪು ತಿದ್ದಿಕೊಳ್ಳುವ ಒಂದು ಗಟ್ಟಿ ಕ್ಯೂಬಿಟ್ ಕಟ್ಟುತ್ತಾರೆ. ಅದಕ್ಕೆ ಲಾಜಿಕಲ್ ಕ್ಯೂಬಿಟ್ ಅಂತ ಹೆಸರು, ಕಟ್ಟುವ ವಿಧಾನಕ್ಕೆ ಕೋಡ್ ಅಂತ. ಈ ಪ್ರಶ್ನೆ ಈಗಲೇ ಏಕೆ ಬರುತ್ತಿದೆ ಅನ್ನುವುದಕ್ಕೆ ಕಾರಣ ಇದೆ. 2024ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ವಿಲೋ ಚಿಪ್‌ನ ಫಲಿತಾಂಶ ಪ್ರಕಟಿಸಿತು. ಕೋಡ್‌ನ ಗಾತ್ರವನ್ನು 3ರಿಂದ 5ಕ್ಕೆ, 5ರಿಂದ 7ಕ್ಕೆ ಏರಿಸಿದಾಗ ಪ್ರತಿ ಹೆಜ್ಜೆಗೂ ದೋಷ ಸುಮಾರು 2.14 ಪಟ್ಟು ಕಡಿಮೆಯಾಯಿತು. 101 ಕ್ಯೂಬಿಟ್ ಸೇರಿಸಿ ಕಟ್ಟಿದ ಒಂದು ಲಾಜಿಕಲ್ ಕ್ಯೂಬಿಟ್, ಆ ಚಿಪ್‌ನಲ್ಲಿದ್ದ ಅತ್ಯುತ್ತಮ ಬಿಡಿ ಕ್ಯೂಬಿಟ್‌ಗಿಂತ 2.4 ಪಟ್ಟು ಹೆಚ್ಚು ಹೊತ್ತು ಉಳಿಯಿತು. ಪೀಟರ್ ಶೋರ್ 9 ಕ್ಯೂಬಿಟ್‌ಗಳ ಮೊದಲ ಕೋಡ್ ಬರೆದದ್ದು 1995ರಲ್ಲಿ. ಬಿಡಿ ಕ್ಯೂಬಿಟ್‌ನ ದೋಷ ಒಂದು ಮಿತಿಗಿಂತ ಕಡಿಮೆ ಇದ್ದರೆ, ಕೋಡ್ ದೊಡ್ಡದಾದಷ್ಟೂ ದೋಷ ಇಳಿಯುತ್ತಾ ಹೋಗುತ್ತದೆ ಅಂತ ಅದಾದ ಕೆಲವೇ ವರ್ಷಗಳಲ್ಲಿ ಸಾಬೀತು ಮಾಡಿದ್ದರು. ಆ ಮಿತಿಗೆ ಥ್ರೆಶೋಲ್ಡ್ ಅನ್ನುತ್ತಾರೆ. ನಮ್ಮ ಹೊಸ್ತಿಲು ಅನ್ನುವ ಮಾತು ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಕಾಗದದ ಮೇಲೆ ಇದ್ದದ್ದು ಚಿಪ್‌ನ ಮೇಲೆ ಬರಲು ಇಷ್ಟು ವರ್ಷ ಬೇಕಾಯಿತು. 2023ರಲ್ಲಿ ಇದೇ ಗುಂಪು ತೋರಿಸಿದ ಇಳಿಕೆ 3.028%ರಿಂದ 2.914%ಕ್ಕೆ, ಅಷ್ಟೇ. ಎರಡೇ ವರ್ಷದೊಳಗೆ ಆ ಕೂದಲೆಳೆಯ ಇಳಿಕೆ ಹೋಗಿ, ಪ್ರತಿ ಹೆಜ್ಜೆಗೂ ದೋಷ ಅರ್ಧಕ್ಕರ್ಧ ಇಳಿಯುವ ಹಾಗಾಯಿತು.

ಹೊಸಬರಿಗಾಗಿ ಎರಡು ಮಾತು. ಅಂಗಳದ ಚುಕ್ಕಿ ರಂಗೋಲಿ ನೆನೆಯಿರಿ. ವಿಲೋದಲ್ಲಿ ಬಳಸಿದ ಸರ್ಫೇಸ್ ಕೋಡ್ ಅಂದರೆ ಹಾಗೇ ಸಾಲಾಗಿ ಇಟ್ಟ ಚುಕ್ಕಿಗಳು, ಒಂದೊಂದು ಚುಕ್ಕಿಯೂ ಒಂದು ಕ್ಯೂಬಿಟ್. ಕೆಲವು ಚುಕ್ಕಿಗಳು ಮಾಹಿತಿ ಹಿಡಿದಿರುತ್ತವೆ. ಅವುಗಳ ನಡುವಿನ ಚುಕ್ಕಿಗಳು ಅಕ್ಕಪಕ್ಕದ ನಾಲ್ಕನ್ನು ನೋಡಿ ಸಮವೋ ಬೆಸವೋ ಅಂತ ಮಾತ್ರ ಹೇಳುತ್ತವೆ. ಒಳಗಿನ ಬೆಲೆಯನ್ನು ನೇರವಾಗಿ ನೋಡುವ ಹಾಗಿಲ್ಲ, ನೋಡಿದರೆ ಕ್ವಾಂಟಮ್ ಸ್ಥಿತಿ ಕೆಡುತ್ತದೆ. ಹಾಗಾಗಿ ಸಮ-ಬೆಸದ ಉತ್ತರಗಳಿಂದಲೇ ಎಲ್ಲಿ ತಪ್ಪಾಯಿತು ಅಂತ ಊಹಿಸಬೇಕು. ತಪ್ಪುಗಳು ಸಾಲಾಗಿ ನಡೆದರೆ ಆ ಸಾಲಿನ ಎರಡು ತುದಿಗಳು ಮಾತ್ರ ಕಾಣುತ್ತವೆ, ನಡುವಿನ ದಾರಿ ಕಾಣುವುದಿಲ್ಲ. ಆ ದಾರಿಯನ್ನು ಊಹಿಸುವ ಪ್ರೋಗ್ರಾಂಗೆ ಡಿಕೋಡರ್ ಅಂತ ಹೆಸರು. ಗಾತ್ರ 3 ಆದರೆ (ಅಂದರೆ ಒಂದೊಂದು ಬದಿಗೆ ಮಾಹಿತಿಯ 3 ಚುಕ್ಕಿ) ಒಟ್ಟು 17 ಚುಕ್ಕಿ, 5 ಆದರೆ 49, 7 ಆದರೆ 97. ವಿಲೋದಲ್ಲಿ 101 ಆಗಿದ್ದು ಕ್ಯೂಬಿಟ್ 0-1ರ ಆಚೆಯ ಸ್ಥಿತಿಗೆ ಸೋರಿಹೋಗುವ ತಪ್ಪನ್ನು ತೆಗೆಯಲು 4 ಜಾಸ್ತಿ ಇಟ್ಟಿದ್ದರಿಂದ.

ಆಯ್ಕೆ ಮಾಡುವ ಮೊದಲು ಏನು ಕೇಳಿಕೊಳ್ಳಬೇಕು

ಯಾವ ಚಿಪ್ ಸುದ್ದಿಯಲ್ಲಿದೆ ಅಂತ ನೋಡಿ ದಾರಿ ಆರಿಸಬೇಡಿ. ಮುಂದಿನ ಆರು ತಿಂಗಳಲ್ಲಿ, ಈಗ ನಿಮ್ಮ ಕೈಯಲ್ಲಿರುವ ಸಾಮಾನಿನಿಂದ, ಒಂದು ಸಣ್ಣ ಪ್ರಶ್ನೆಗೆ ಪೂರ್ತಿ ಉತ್ತರ ಹುಡುಕಲು ಆಗುತ್ತದಾ? ನನಗೆ ಇದು ಎಲ್ಲಕ್ಕಿಂತ ದೊಡ್ಡ ಅಳತೆ. ಎರಡನೆಯದು, ಸಿಕ್ಕಿಹಾಕಿಕೊಂಡಾಗ ಯಾರನ್ನು ಕೇಳುತ್ತೀರಿ? ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ಒಮ್ಮೆ ಯಾರಿಗೂ ಹೇಳದೆ ನಾಲ್ಕು ತಿಂಗಳು ಒಂದು ಲೆಕ್ಕದ ಹಿಂದೆ ಬಿದ್ದಿದ್ದೆ. ಕೊನೆಗೆ ಒಬ್ಬರಿಗೆ ತೋರಿಸಿದಾಗ ಹತ್ತೇ ನಿಮಿಷದಲ್ಲಿ "ಇದು ಆಗಲೇ ಆಗಿದೆಯಲ್ಲ" ಅಂದರು. ಆ ನಾಲ್ಕು ತಿಂಗಳ ನೋವು ಇನ್ನೂ ಇದೆ. ಇದರ ಜೊತೆಗೆ ದುಡ್ಡು, ಎಷ್ಟು ವರ್ಷ ಕೊಡಬಲ್ಲಿರಿ ಅನ್ನುವುದು, ಮನೆಯ ಜವಾಬ್ದಾರಿ, ಈಗಾಗಲೇ ಏನು ಬರುತ್ತದೆ ಅನ್ನುವುದು ಇದ್ದೇ ಇವೆ.

ಕೋಡ್‌ಗಳ ಗಣಿತ

ಖರ್ಚು ಕಡಿಮೆ, ಕಾಲ ಜಾಸ್ತಿ. ನೋಟ್‌ಬುಕ್ಕು, ಪೆನ್ನು, ತಾಳ್ಮೆ ಇದ್ದರೆ ಸಾಕು. ಡೇನಿಯಲ್ ಗಾಟ್ಸ್‌ಮನ್ 1997ರಲ್ಲಿ ಕ್ಯಾಲ್ಟೆಕ್‌ನಲ್ಲಿ ಬರೆದ ಪಿಎಚ್‌ಡಿ ಪ್ರಬಂಧದಲ್ಲಿ ಸ್ಟೆಬಿಲೈಸರ್ ಅನ್ನುವ ಚೌಕಟ್ಟು ಸಿಗುತ್ತದೆ, ಉಚಿತವಾಗಿಯೇ ಓದಬಹುದು. ಅದರ ಒಂದು ದೊಡ್ಡ ಭಾಗ 0 ಮತ್ತು 1 ಮಾತ್ರ ಇರುವ ಮ್ಯಾಟ್ರಿಕ್ಸ್‌ಗಳ ಲೆಕ್ಕ. ಎರಡು ಮ್ಯಾಟ್ರಿಕ್ಸ್‌ಗಳ ಸಾಲುಗಳನ್ನು ಒಂದರ ಮೇಲೊಂದು ಇಟ್ಟಾಗ ಎರಡರಲ್ಲೂ 1 ಇರುವ ಜಾಗಗಳ ಸಂಖ್ಯೆ ಯಾವಾಗಲೂ ಸಮ ಇರಬೇಕು. ಇಷ್ಟು ನಿಯಮದಿಂದ ಇಡೀ ಒಂದು ಕೋಡ್ ಕುಟುಂಬವೇ ಹುಟ್ಟುತ್ತದೆ.

ಇಲ್ಲಿ ಈಚಿನ ವರ್ಷಗಳಲ್ಲಿ ಆದ ಬೆಳವಣಿಗೆ ನಿಜಕ್ಕೂ ಮೈ ಜುಮ್ ಅನ್ನಿಸುವಂಥದ್ದು. ಕ್ಯೂಬಿಟ್ ಹೆಚ್ಚಿದಂತೆ ಹಿಡಿಸುವ ಮಾಹಿತಿಯೂ ರಕ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುವ ಎಲ್‌ಡಿಪಿಸಿ ಕೋಡ್‌ಗಳು (ಪ್ರತಿ ತಪಾಸಣೆಯೂ ಕೆಲವೇ ಕ್ಯೂಬಿಟ್‌ಗಳನ್ನು ಮುಟ್ಟುವ ಕೋಡ್‌ಗಳು) ಇವೆ ಅಂತ 2021ರಲ್ಲಿ ಪಂತೆಲೇವ್ ಮತ್ತು ಕಲಚೇವ್ ತೋರಿಸಿದರು. 2024ರಲ್ಲಿ ಐಬಿಎಂನವರು ಎಲ್‌ಡಿಪಿಸಿ ಜಾತಿಯದ್ದೇ ಒಂದು ಕೋಡ್ ಪ್ರಕಟಿಸಿದರು: 288 ಕ್ಯೂಬಿಟ್‌ನಲ್ಲಿ 12 ಲಾಜಿಕಲ್ ಕ್ಯೂಬಿಟ್. ಅಷ್ಟೇ ರಕ್ಷಣೆ ಸರ್ಫೇಸ್ ಕೋಡ್‌ನಿಂದ ಬೇಕಾದರೆ ಹತ್ತಿರ ಹತ್ತಿರ 3000 ಬೇಕು. ಆದರೆ ಇದು ಪುಕ್ಕಟೆ ಬರುವುದಿಲ್ಲ. ಸರ್ಫೇಸ್ ಕೋಡ್‌ನಲ್ಲಿ ಪ್ರತಿ ಕ್ಯೂಬಿಟ್‌ಗೆ ಪಕ್ಕದ ನಾಲ್ಕರ ಜೊತೆ ಸಂಪರ್ಕ ಇದ್ದರೆ ಆಯಿತು. ಇಲ್ಲಿ ಆರರ ಜೊತೆ ಬೇಕು, ಅದರಲ್ಲಿ ಕೆಲವು ದೂರದವು. ಚಿಪ್ ಮಾಡುವವರಿಗೆ ಆ ದೂರದ ತಂತಿಗಳೇ ದೊಡ್ಡ ತಲೆನೋವು.

ಈ ದಾರಿ ಯಾರಿಗೆ? ಲೀನಿಯರ್ ಆಲ್ಜೀಬ್ರಾ, ಗ್ರೂಪ್ ಥಿಯರಿ ಇಷ್ಟವಾಗುವವರಿಗೆ, ನಾಲ್ಕೈದು ವರ್ಷ ಪಿಎಚ್‌ಡಿಗೆ ಕೊಡಬಲ್ಲವರಿಗೆ. ಸ್ವಂತದ್ದೊಂದು ಫಲ ಸಿಗಲು ಎರಡು ವರ್ಷ ಹಿಡಿದರೂ ಆಶ್ಚರ್ಯ ಇಲ್ಲ. ಜಗತ್ತಿನ ಅತಿ ಚುರುಕಿನ ಗಣಿತಜ್ಞರು ಇಲ್ಲಿದ್ದಾರೆ, ಒಬ್ಬರೇ ಕೂತು ಮಾಡಲು ಹೋದರೆ ನನಗಾದದ್ದೇ ನಿಮಗೂ ಆಗಬಹುದು. ಗೈಡ್ ಇಲ್ಲದೆ ಈ ದಾರಿ ಹಿಡಿಯಬೇಡಿ ಅಂತ ನೇರವಾಗಿ ಹೇಳುತ್ತೇನೆ.

ಡಿಕೋಡರ್ ಮತ್ತು ಸಿಮ್ಯುಲೇಶನ್

ನನ್ನನ್ನು ಕೇಳಿದರೆ, ಒಂದು ಲ್ಯಾಪ್‌ಟಾಪ್ ಮಾತ್ರ ಇರುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಕ್ವಾಂಟಮ್ ಕಂಪ್ಯೂಟರನ್ನು ಲ್ಯಾಪ್‌ಟಾಪ್‌ನಲ್ಲಿ ಸಿಮ್ಯುಲೇಟ್ ಮಾಡಲು ಆಗುವುದಿಲ್ಲ ಅಂತ ಕೇಳಿರುತ್ತೀರಿ. ಪೂರ್ತಿ ಸಾಮಾನ್ಯ ಸರ್ಕ್ಯೂಟ್‌ಗೆ ಅದು ನಿಜ. ಆದರೆ ದೋಷ ತಿದ್ದುವ ಸರ್ಕ್ಯೂಟ್‌ಗಳಲ್ಲಿ ಬಹುಪಾಲು ಕ್ಲಿಫರ್ಡ್ ಅನ್ನುವ ಜಾತಿಯವು, ಅವನ್ನು ಸಾಮಾನ್ಯ ಕಂಪ್ಯೂಟರ್ ಸಲೀಸಾಗಿ ಲೆಕ್ಕ ಹಾಕುತ್ತದೆ. ಗೂಗಲ್‌ನ ಕ್ರೇಗ್ ಗಿಡ್ನಿ 2021ರಲ್ಲಿ ಪ್ರಕಟಿಸಿದ ಸ್ಟಿಮ್ ಅನ್ನುವ ಉಚಿತ ಪ್ರೋಗ್ರಾಂ ಇದೆಯಲ್ಲ, ಅದು 20 ಸಾವಿರ ಕ್ಯೂಬಿಟ್‌ನ ಸರ್ಫೇಸ್ ಕೋಡ್ ಸರ್ಕ್ಯೂಟನ್ನು 15 ಸೆಕೆಂಡಿನಲ್ಲಿ ಅರೆದು ಕೊಡುತ್ತದೆ. ಅದರ ಜೊತೆ ಆಸ್ಕರ್ ಹಿಗಟ್ ಅವರ ಪೈಮ್ಯಾಚಿಂಗ್ ಇದ್ದರೆ ಡಿಕೋಡರ್ ಕೂಡ ತಯಾರು. ಎರಡನ್ನೂ ಪೈಥಾನ್‌ನಿಂದ ಕರೆಯಬಹುದು.

ಇನ್ನೂ ಸಂತೋಷದ ಸಂಗತಿ, ಇಲ್ಲಿ ಬಳಸುವ ಸಾಮಾನು ನಮ್ಮ ಕಾಲೇಜು ಪಾಠದ್ದೇ. ತುದಿಗಳನ್ನು ಜೋಡಿ ಮಾಡುವ ಮ್ಯಾಚಿಂಗ್ ಡಿಕೋಡರ್‌ನ ಬೇರು ಜ್ಯಾಕ್ ಎಡ್ಮಂಡ್ಸ್ 1965ರಲ್ಲಿ ಕೊಟ್ಟ ಬ್ಲಾಸಮ್ ಅಲ್ಗಾರಿದಮ್. ಅದಕ್ಕಿಂತ ಹಗುರವಾದ ಇನ್ನೊಂದು ಡಿಕೋಡರ್ ನಡೆಯುವುದು ಯೂನಿಯನ್-ಫೈಂಡ್ ಮೇಲೆ, ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಬರುತ್ತದಲ್ಲ, ಅದೇ.

ಡಿಕೋಡರ್‌ಗಳ ನಡುವೆ ಆಯ್ಕೆ ಅಂದರೆ ನಿಖರತೆಗೂ ವೇಗಕ್ಕೂ ನಡುವಿನ ಚೌಕಾಶಿ. ಗೂಗಲ್ ಚಿಪ್‌ನಲ್ಲಿ ಒಂದು ಸುತ್ತಿನ ತಪಾಸಣೆಗೆ 1.1 ಮೈಕ್ರೋಸೆಕೆಂಡ್. ಡಿಕೋಡರ್ ಅದಕ್ಕಿಂತ ನಿಧಾನವಾದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ, ಸಾಲದ ಬಡ್ಡಿಯ ಹಾಗೆ, ಕೊನೆಗೆ ಕಂಪ್ಯೂಟರ್ ನಿಂತೇ ಹೋಗುತ್ತದೆ. ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಕ್ಯೂಬಿಟ್ ಅನ್ನುವ ನ್ಯೂರಲ್ ಡಿಕೋಡರ್ 2024ರಲ್ಲಿ ಬಂತು, ನಿಖರತೆ ತುಂಬಾ ಚೆನ್ನಾಗಿತ್ತು, ಆದರೆ ಅಂಥ ಚಿಪ್‌ನ ವೇಗಕ್ಕೆ ಅದು ಸಾಲುತ್ತಿರಲಿಲ್ಲ. ಎಲ್‌ಡಿಪಿಸಿ ಕೋಡ್‌ಗಳ ಕಥೆ ಇನ್ನೂ ಕಷ್ಟ. ಅಲ್ಲಿ ಒಂದು ತಪ್ಪು ಎರಡಕ್ಕಿಂತ ಹೆಚ್ಚು ತಪಾಸಣೆಗಳನ್ನು ಎಬ್ಬಿಸುತ್ತದೆ, ಹಾಗಾಗಿ ಜೋಡಿ ಮಾಡುವ ಉಪಾಯ ನೇರವಾಗಿ ನಡೆಯುವುದಿಲ್ಲ. ಅದಕ್ಕೆ ಬಳಸುವ ಬಿಪಿ-ಒಎಸ್‌ಡಿ ಅನ್ನುವ ಎರಡು ಹಂತದ ಡಿಕೋಡರ್ ಕೆಲಸ ಮಾಡುತ್ತದೆ, ಆದರೆ ಎರಡನೇ ಹಂತದಲ್ಲಿ ದೊಡ್ಡ ಮ್ಯಾಟ್ರಿಕ್ಸ್ ಬಿಡಿಸಬೇಕಾಗಿ ನಿಧಾನವಾಗುತ್ತದೆ. ಹೊಸಬರಿಗೆ ಸಣ್ಣ ಸಣ್ಣ ಪ್ರಶ್ನೆಗಳು ಧಾರಾಳವಾಗಿ ಸಿಗುವ ಜಾಗ ಇದು.

ಇಲ್ಲಿ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಸರ್ಫೇಸ್ ಕೋಡ್‌ನ ಹೊಸ್ತಿಲು ಎಷ್ಟು ಅಂತ ಹುಡುಕಿದರೆ ಒಂದು ಕಡೆ 10% ಅಂತ ಇರುತ್ತದೆ, ಇನ್ನೊಂದು ಕಡೆ 3%, ಮತ್ತೊಂದು ಕಡೆ 1%ರ ಆಸುಪಾಸು. ಮೂರೂ ಸರಿಯೇ. ಅಳತೆಯಲ್ಲಿ ತಪ್ಪೇ ಆಗುವುದಿಲ್ಲ ಅಂತ ಇಟ್ಟುಕೊಂಡರೆ ಮೊದಲನೆಯದು. ಅಳತೆಯೂ ತಪ್ಪಬಹುದು ಅಂದರೆ ಎರಡನೆಯದು. ಪ್ರತಿ ಗೇಟ್ (ಕ್ಯೂಬಿಟ್‌ಗಳ ಮೇಲೆ ಮಾಡುವ ಒಂದೊಂದು ಕ್ರಿಯೆ) ಕೂಡ ತಪ್ಪಬಹುದು ಅಂತ ನಿಜದ ಹತ್ತಿರಕ್ಕೆ ಬಂದರೆ ಮೂರನೆಯದು. ಒಂದು ಮಾದರಿಯಲ್ಲಿ ನಿಮ್ಮ ಡಿಕೋಡರ್ ಓಡಿಸಿ, ಇನ್ನೊಂದು ಮಾದರಿಯಲ್ಲಿ ಬೇರೆಯವರು ಪಡೆದ ಸಂಖ್ಯೆಯ ಜೊತೆ ಹೋಲಿಸಿದರೆ ಆ ಹೋಲಿಕೆಗೆ ಅರ್ಥವೇ ಇಲ್ಲ. ಶುರುವಿನಿಂದಲೇ ಗೇಟ್ ಮಟ್ಟದ ಮಾದರಿ ಹಿಡಿಯಿರಿ. ಸ್ಟಿಮ್ ಇರುವುದೇ ಅದಕ್ಕೆ.

ಬಜೆಟ್ ಬಗ್ಗೆ ಒಂದು ಮಾತು. ಸುಮ್ನೆ ಕ್ಲೌಡ್‌ಗೆ ದುಡ್ಡು ಸುರಿಯಬೇಡಿ. ಗೂಗಲ್ ತನ್ನ ಪ್ರಯೋಗಗಳ ಅಳತೆಯ ಡೇಟಾವನ್ನು ಎಲ್ಲರಿಗೂ ಬಿಟ್ಟಿದೆ. ಇಳಿಸಿಕೊಂಡು ನಿಜವಾದ ಚಿಪ್‌ನ ಸಮ-ಬೆಸಗಳ ಮೇಲೆಯೇ ನಿಮ್ಮ ಡಿಕೋಡರ್ ಪರೀಕ್ಷೆ ಮಾಡಬಹುದು, ಒಂದು ರೂಪಾಯಿ ಖರ್ಚಿಲ್ಲದೆ.

ಲ್ಯಾಬ್

ಇದನ್ನು ಮನೆಯಲ್ಲಿ ಮಾಡಲು ಆಗುವುದಿಲ್ಲ. ಸೇರಬೇಕು, ಕಲಿಯಬೇಕು, ಐದಾರು ವರ್ಷ ಕೊಡಬೇಕು. ಆದರೆ ಕೈಯಲ್ಲಿ ಮಾಡಿದ ಕೆಲಸದ ತೃಪ್ತಿ ಬೇರೆ ಎಲ್ಲೂ ಸಿಗುವುದಿಲ್ಲ.

ಯಾವ ಬಗೆಯ ಲ್ಯಾಬ್ ಅನ್ನುವುದರಲ್ಲೂ ಲಾಭ ನಷ್ಟ ಇದೆ. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ತುಂಬಾ ವೇಗ, ಆದರೆ ಪಕ್ಕದವರ ಜೊತೆ ಮಾತ್ರ ಮಾತು, ಮೇಲಾಗಿ ಸಂಪೂರ್ಣ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲಿನ ಚಳಿ ಬೇಕು. ಅಯಾನುಗಳಲ್ಲಿ ದೋಷ ಬಹಳ ಕಡಿಮೆ, ಯಾವುದನ್ನು ಬೇಕಾದರೂ ಯಾವುದರ ಜೊತೆಗೂ ಸೇರಿಸಬಹುದು, ಆದರೆ ನಿಧಾನ. 2024ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ಕ್ವಾಂಟಿನ್ಯುವಮ್ 30 ಅಯಾನುಗಳಿಂದ 4 ಲಾಜಿಕಲ್ ಕ್ಯೂಬಿಟ್ ಮಾಡಿದ್ದು ಇಂಥದ್ದರಲ್ಲೇ. ಲೇಸರ್‌ನಲ್ಲಿ ಹಿಡಿದ ಪರಮಾಣುಗಳನ್ನು ಎತ್ತಿ ಬೇಕಾದ ಕಡೆ ಒಯ್ಯಬಹುದು. ಹಾರ್ವರ್ಡ್‌ನ ಗುಂಪು 2023ರಲ್ಲಿ 280ರವರೆಗೆ ಪರಮಾಣು ಬಳಸಿ 48 ಲಾಜಿಕಲ್ ಕ್ಯೂಬಿಟ್‌ಗಳ ಪ್ರಯೋಗ ಮಾಡಿತು. ಎಲ್‌ಡಿಪಿಸಿಯ ದೂರದ ಸಂಪರ್ಕಗಳಿಗೆ ಈ ಓಡಾಡುವ ಪರಮಾಣುಗಳು ಚೆನ್ನಾಗಿ ಹೊಂದುತ್ತವೆ. ಇನ್ನು ಕ್ಯಾಟ್, ಜಿಕೆಪಿ ಅನ್ನುವ ದಾರಿಯಲ್ಲಿ ಒಂದೇ ಮೈಕ್ರೋವೇವ್ ಪೆಟ್ಟಿಗೆಯೊಳಗೇ ಒಂದಷ್ಟು ದೋಷ ತಿದ್ದಿಬಿಡುತ್ತಾರೆ. ಯೇಲ್‌ನವರು 2023ರಲ್ಲಿ ಈ ಬಗೆಯಲ್ಲಿ ದೋಷ ತಿದ್ದಿ, ತಿದ್ದದೇ ಇಟ್ಟಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ಮಾಹಿತಿ ಉಳಿಸಿ ತೋರಿಸಿದರು. ದೊಡ್ಡ ಚಿಪ್ ಮಾಡಲು ಅನುಕೂಲ ಇಲ್ಲದ ಸಣ್ಣ ಲ್ಯಾಬ್‌ಗೆ ಇದು ಒಳ್ಳೆಯ ದಿಕ್ಕು ಅಂತ ನನ್ನ ಅಭಿಪ್ರಾಯ.

ಇಲ್ಲೇ ಇದ್ದು ಮಾಡಬೇಕು ಅನ್ನುವವರಿಗೆ ಈಗಿನ ಕಾಲ ಹಿಂದಿಗಿಂತ ಅನುಕೂಲ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ಹಬ್ ಇರುವುದು ಬೆಂಗಳೂರಿನ ಐಐಎಸ್‌ಸಿಯಲ್ಲಿ. ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಕೆಲಸ ಬಹಳ ಕಾಲದಿಂದ ನಡೆದಿದೆ. ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರಲ್ಲಿ 25 ಕ್ಯೂಬಿಟ್‌ನ ಯಂತ್ರ ತೋರಿಸಿತು. ಸರ್ಫೇಸ್ ಕೋಡ್‌ನ ಗಾತ್ರ 3ಕ್ಕೆ 17 ಸಾಕು ಅನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಂಖ್ಯೆ ಸಾಕಾಗುವಷ್ಟಿದೆ, ಇನ್ನು ಬೇಕಾಗಿರುವುದು ಗುಣಮಟ್ಟ ಮತ್ತು ಕೆಲಸ ಗೊತ್ತಿರುವ ಕೈಗಳು. ಥಿಯರಿ ಕಡೆಗೂ ಐಐಎಸ್‌ಸಿ ಮತ್ತು ಐಐಟಿ ಮದ್ರಾಸ್‌ನಲ್ಲಿ ದೋಷ ತಿದ್ದುವ ಕೋಡ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಮೇಷ್ಟ್ರುಗಳಿದ್ದಾರೆ.

ದುಡ್ಡಿನ ಮಾತು ಸ್ಪಷ್ಟ ಇರಲಿ. ಪಿಎಚ್‌ಡಿ ಮಾಡುವವರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದರೆ 42,000. ಒಬ್ಬರೇ ಹಾಸ್ಟೆಲ್‌ನಲ್ಲಿದ್ದರೆ ನಡೆಯುತ್ತದೆ. ಮನೆಗೆ ಕಳಿಸಬೇಕಾದವರಿಗೆ ಕಷ್ಟ. ಇದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿ.

ನಡುವಿನ ಕೆಲಸಗಳು

ಕೋಡ್‌ಗೂ ಚಿಪ್‌ಗೂ ನಡುವೆ ಒಂದು ದೊಡ್ಡ ಬಯಲು ಇದೆ. ಕ್ಯೂಬಿಟ್‌ಗೆ ಸಿಗ್ನಲ್ ಕಳಿಸುವ ಎಲೆಕ್ಟ್ರಾನಿಕ್ಸ್, ಡಿಕೋಡರನ್ನು ಎಫ್‌ಪಿಜಿಎ (ನಮಗೆ ಬೇಕಾದ ಸರ್ಕ್ಯೂಟ್ ಹಾಕಿಕೊಳ್ಳಬಹುದಾದ ಚಿಪ್) ಮೇಲೆ ಕೂರಿಸುವುದು, ಒಂದು ಅಲ್ಗಾರಿದಮ್‌ಗೆ ಒಟ್ಟು ಎಷ್ಟು ಕ್ಯೂಬಿಟ್ ಬೇಕು ಅಂತ ಲೆಕ್ಕ ಕಟ್ಟುವುದು. ಸುದ್ದಿಯಲ್ಲಿ ಬರುವುದು ಕಡಿಮೆ, ಆದರೆ ಇದರ ಬೆಲೆ ನೋಡಿ: ಇಂಟರ್ನೆಟ್ಟಿನ ಗುಟ್ಟು ಕಾಯುವ 2048 ಬಿಟ್‌ನ ಆರ್‌ಎಸ್‌ಎ ಬೀಗ ಒಡೆಯಲು 2 ಕೋಟಿ ಕ್ಯೂಬಿಟ್, 8 ಗಂಟೆ ಬೇಕು ಅಂತ 2019ರಲ್ಲಿ ಗಿಡ್ನಿ ಮತ್ತು ಎಕೆರೊ ಲೆಕ್ಕ ಹಾಕಿದ್ದರು. 2025ರಲ್ಲಿ ಗಿಡ್ನಿಯವರೇ ಅದನ್ನು 10 ಲಕ್ಷಕ್ಕಿಂತ ಕೆಳಗೆ ಇಳಿಸಿದರು, ಸಮಯ ಒಂದು ವಾರದೊಳಗೆ. ಎರಡೂ ಲೆಕ್ಕದಲ್ಲಿ ಯಂತ್ರದ ಗುಣಮಟ್ಟ ಒಂದೇ ಅಂತ ಇಟ್ಟುಕೊಂಡಿದ್ದರು. ಇಳಿದದ್ದೆಲ್ಲಾ ಉತ್ತಮ ಲೆಕ್ಕದಿಂದ, ಉತ್ತಮ ಜೋಡಣೆಯಿಂದ.

ಚಿಪ್ ಡಿಸೈನ್ ಗೊತ್ತಿರುವವರು ಹೊಸದಾಗಿ ಫಿಸಿಕ್ಸ್ ಡಿಗ್ರಿ ಮಾಡಬೇಕಾಗಿಲ್ಲ. ಒಂದು ಮೈಕ್ರೋಸೆಕೆಂಡಿನಲ್ಲಿ ಉತ್ತರ ಕೊಡುವ ಸರ್ಕ್ಯೂಟ್ ಬರೆಯುವುದು ಅವರ ದಿನನಿತ್ಯದ ಕೆಲಸಕ್ಕೆ ತೀರಾ ಹತ್ತಿರ. ಇಂಗ್ಲೆಂಡಿನ ರಿವರ್‌ಲೇನ್ ಕಂಪನಿ ಡಿಕೋಡರ್ ಹಾರ್ಡ್‌ವೇರ್ ಮೇಲೆಯೇ ನಿಂತಿದೆ.

ಕೇಳಲು ಜನ ಎಲ್ಲಿ?

ಈ ವಿಷಯ ಹುಟ್ಟಿದ್ದೇ ಬೇರೆ ಬೇರೆ ಕಡೆಯವರು ಸೇರಿ. ಶೋರ್ ಬೆಲ್ ಲ್ಯಾಬ್ಸ್‌ನ ಗಣಿತಜ್ಞರು, ಸ್ಟೀನ್ ಆಕ್ಸ್‌ಫರ್ಡ್‌ನ ಭೌತವಿಜ್ಞಾನಿ, ಕಾಲ್ಡರ್‌ಬ್ಯಾಂಕ್ ಟೆಲಿಫೋನ್ ಕಾಲದ ಕೋಡಿಂಗ್ ಥಿಯರಿಯಿಂದ ಬಂದವರು. ಹಾಗಾಗಿ ಹೊರಗಿನಿಂದ ಬಂದವರು ಅಂತ ಹಿಂಜರಿಯಬೇಡಿ. ಗೊತ್ತಿರುವ ಕೋಡ್‌ಗಳನ್ನೆಲ್ಲ ಒಂದೇ ಕಡೆ ಜೋಡಿಸಿಟ್ಟಿರುವ ಎರರ್ ಕರೆಕ್ಷನ್ ಜೂ ಅನ್ನುವ ಉಚಿತ ಕೋಶ ಇದೆ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಹೊಸಬರು ಮೊದಲ ಹೆಜ್ಜೆ ಇಡಲು ಅದು ಸಹೃದಯದ ಜಾಗ. ಬೆಂಗಳೂರಿನ ಹೆಸರಘಟ್ಟದ ಕಡೆಯ ಐಸಿಟಿಎಸ್ ಸಂಶೋಧನಾ ಕೇಂದ್ರ ತನ್ನ ಉಪನ್ಯಾಸಗಳ ವಿಡಿಯೋ ಹಾಕುತ್ತದೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡಬಹುದು, ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಅವಕಾಶ ಇದೆ.

ಆದರೆ ಎಲ್ಲಕ್ಕಿಂತ ಮೊದಲು ಇನ್ನಿಬ್ಬರನ್ನು ಹುಡುಕಿ. ವಾರಕ್ಕೊಮ್ಮೆ ಒಂದು ಪೇಪರ್, ಒಂದು ಬೋರ್ಡು, ಕನ್ನಡದಲ್ಲೇ ಮಾತು. ಪ್ಯಾರಿಟಿ ಅನ್ನುವ ಕಡೆ ಸಮ-ಬೆಸ ಅಂದು ನೋಡಿ, ಅರ್ಧ ಭಯ ಅಲ್ಲೇ ಹೋಗುತ್ತದೆ.

ಹಾಗಾದರೆ ಮೂವರಿಗೂ ಏನು ಹೇಳಿದೆ

ಧಾರವಾಡದ ಹುಡುಗನಿಗೆ ಲ್ಯಾಬ್ ಕಡೆ ನೋಡು ಅಂದೆ. ಅವನಿಗೆ ಬೆಸುಗೆ ಹಾಕುವುದು, ಉಪಕರಣ ಬಿಚ್ಚುವುದು ಇಷ್ಟ, ಕಾಗದದ ಗಣಿತ ಬೇಗ ಬೇಸರ ತರಿಸುತ್ತದೆ ಅಂತ ಅವನೇ ಬರೆದಿದ್ದ. ನೆಟ್, ಗೇಟ್, ಜೆಸ್ಟ್ ಮೂರೂ ಪರೀಕ್ಷೆ ಬರೆಯಲಿ. ಅದಕ್ಕೂ ಮೊದಲು ಬೇಸಿಗೆ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಒಂದು ಲ್ಯಾಬ್‌ನಲ್ಲಿ ಕೂತು ನೋಡಲಿ. ದಿನಗಟ್ಟಲೆ ಫ್ರಿಜ್ ತಣಿಯುವುದನ್ನು ಕಾಯುವ ಸಹನೆ ತನಗಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ.

ಚಿಪ್ ಡಿಸೈನ್‌ನವರಿಗೆ ಕೆಲಸ ಬಿಡಬೇಡಿ ಸರ್ ಅಂದೆ. ಭಾನುವಾರಗಳಲ್ಲಿ ಗಾತ್ರ 3ರ ಯೂನಿಯನ್-ಫೈಂಡ್ ಡಿಕೋಡರನ್ನು ಎಫ್‌ಪಿಜಿಎ ಬೋರ್ಡ್ ಮೇಲೆ ಕೂರಿಸಿ, ಎಷ್ಟು ನ್ಯಾನೋಸೆಕೆಂಡ್ ಹಿಡಿಯಿತು ಅಂತ ಬರೆದಿಡಲಿ. ಅದು ಕೈಯಲ್ಲಿದ್ದರೆ, ಕೆಲಸದಲ್ಲಿರುವವರಿಗಾಗಿಯೇ ಐಐಎಸ್‌ಸಿಯಲ್ಲಿರುವ ಎಕ್ಸ್‌ಟರ್ನಲ್ ರಿಜಿಸ್ಟ್ರೇಶನ್ ಪಿಎಚ್‌ಡಿಗೆ ಕೇಳಲು ಒಂದು ಆಧಾರ ಸಿಗುತ್ತದೆ. ಕಂಪನಿಯ ಒಪ್ಪಿಗೆ ಬೇಕು, ಹಾಗಾಗಿ ಮ್ಯಾನೇಜರ್ ಹತ್ತಿರ ಬೇಗ ಮಾತಾಡುವುದು ಒಳ್ಳೆಯದು.

ಹಾಸನದ ಹುಡುಗಿಗೆ ಡಿಕೋಡರ್ ಹಿಡಿ ಅಂದೆ. ಸ್ಟಿಮ್ ಹಾಕಿಕೊಂಡು, ಗಾತ್ರ 3, 5, 7ಕ್ಕೆ ಗೇಟ್ ದೋಷವನ್ನು 0.2%ರಿಂದ 1.2%ರವರೆಗೆ ಏರಿಸುತ್ತಾ ಲಾಜಿಕಲ್ ದೋಷದ ಗೆರೆ ಎಳೆ, ಮೂರು ಗೆರೆ ಕೂಡುವ ಜಾಗ ಹುಡುಕು ಅಂತ. ಹೋದ ವಾರ ಅವಳು ಚಿತ್ರ ಕಳಿಸಿದ್ದಾಳೆ. ಗೆರೆಗಳು 0.7%ರ ಹತ್ತಿರ ಸೇರುತ್ತಿವೆ, ಎಡಕ್ಕೆ ಬಂದಷ್ಟೂ 7ರ ಗೆರೆ ಎಲ್ಲಕ್ಕಿಂತ ಕೆಳಗೆ ಇಳಿಯುತ್ತದೆ. ಕೆಳಗೆ ಅವಳೇ ಒಂದು ಸಾಲು ಬರೆದಿದ್ದಾಳೆ: "ಅಳತೆಯ ದೋಷ ಒಂದನ್ನೇ ದುಪ್ಪಟ್ಟು ಮಾಡಿದರೆ ಈ ಜಾಗ ಎಷ್ಟು ಎಡಕ್ಕೆ ಸರಿಯುತ್ತೆ ಅಂತ ಈಗ ನೋಡ್ತಾ ಇದ್ದೀನಿ."